ಮಿಸ್ತ್ರಿ ಕಾಕಾನ ಕಟ್ಟೆ: ಹಳೇ ಗಮ್ಮು, ಸುಮ್ಮನೆ ತಿರುಗುವ ಸ್ಕ್ರೂ

ಇಷ್ಟು ದಿನ ಈ ಅಂಕಣಕ್ಕೆ ಟ್ರ್ಯಾಕ್ಟರ್ ಟ್ರಾಲಿ, ನೀರಿನ ಟ್ಯಾಂಕರ್, ಟಂಟಂ ಗಾಡಿಯ ಪ್ರಶ್ನೆಗಳೇ ಬರುತ್ತಿದ್ದವು. ಈ ಸಲ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರ್ ಬಗ್ಗೆಯೇ ಒಂದು ಕಟ್ಟು ಪತ್ರ ಬಂದಿದೆ. ಬರಲಿ. ನಾನು ಕಲಬುರಗಿಯ ಬಸ್ ಬಾಡಿ ಶೆಡ್ಡಿನಲ್ಲಿ ಕೈ ಪಳಗಿಸಿದವ. ಬಸ್ಸಿರಲಿ, ಮಂಚ-ಒಲೆ ಇಟ್ಟ ಟ್ರೇಲರಿರಲಿ, ಮೇಲೆ ತಗಡು, ಒಳಗೆ ಚೌಕಟ್ಟು, ಎರಡರ ನಡುವೆ ನುಸುಳುವ ನೀರು. ಬೀದರ್‌ನ ಅಕ್ಕೋರ ಪತ್ರ ಉದ್ದವಿದೆ, ಅದಕ್ಕೆ ಉತ್ತರವೂ ಉದ್ದ. ಉಳಿದವರು ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ಕಾಕಾ ಅವರಿಗೆ ಶರಣು. ನಾನು ನಿವೃತ್ತ ಶಾಲಾ ಶಿಕ್ಷಕಿ. ನಾನು, ನಮ್ಮ ಮನೆಯವರು ಸೇರಿ ಹೈದರಾಬಾದ್‌ನಿಂದ ಎರಡು ಗಾಲಿಯ ಹಳೇ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ತಂದಿದ್ದೇವೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಥರ್ಮಾಕೋಲ್. ನೆಲದ ರೆಕ್ಸಿನ್‌ನಂಥ ಹಾಸು ಹರಿದಿತ್ತು, ಕಿತ್ತು ಹಾಕಿದೆವು. ಅದರಡಿಯ ಕಂದು ಬಣ್ಣದ ಗಮ್ಮು ಈಗ ಚಪ್ಪಲಿ ಹಿಡಿದುಕೊಳ್ಳುತ್ತದೆ. ಕಿಟಕಿಗಳ ಸುತ್ತ, ಮೇಲಿನ ಗಾಳಿಕಿಂಡಿಯ ಸುತ್ತ ಹಿಂದಿನವರು ಸಿಲಿಕೋನ್ ಮೇಲೆ ಸಿಲಿಕೋನ್ ಬಳಿದಿದ್ದಾರೆ. ಒಳಗಿನ ಮೂಲೆಪಟ್ಟಿಯ ಸ್ಕ್ರೂಗಳು ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿಲ್ಲ, ಕೆಲವುಗಳ ಸುತ್ತ ಪ್ಲೈವುಡ್ ಕಪ್ಪಾಗಿದೆ. ಮನೆಯವರು ಥಿನ್ನರ್ ಸುರಿದು ಉಜ್ಜೋಣ ಅನ್ನುತ್ತಾರೆ. ಬಡಿಗೇರ ಬಂದು ನೋಡಿ, ಇನ್ನೂ ದಪ್ಪ ಸ್ಕ್ರೂ ಹೊಡೆದರೆ ಮುಗೀತು ಅಂದ. ಚಳಿಗಾಲಕ್ಕೆ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಕಡೆ ಹೋಗಿಬರುವ ಆಸೆ ಇದೆ. ಯಾರ ಮಾತು ಕೇಳಲಿ?
(ಓದುಗರು, ಬೀದರ್)

ಉತ್ತರ: ಅಕ್ಕೋರೆ, ಇಬ್ಬರ ಮಾತನ್ನೂ ಕೇಳಬೇಡಿರಿ.

ಮೊದಲು ಥಿನ್ನರ್ ಡಬ್ಬಿಯನ್ನು ಅಂಗಳದಾಚೆ ಇಡಿಸಿರಿ. ಮನೆಯವರಿಗೆ ನಂಬಿಕೆ ಬರದಿದ್ದರೆ ಟಿವಿ ಡಬ್ಬಿಯೊಳಗಿನ ಥರ್ಮಾಕೋಲ್ ಚೂರೊಂದನ್ನು ಹೊರಗೆ ಕಲ್ಲಿನ ಮೇಲಿಟ್ಟು, ಅದರ ಮೇಲೆ ನಾಲ್ಕು ಹನಿ ಥಿನ್ನರ್ ಬಿಟ್ಟು ತೋರಿಸಿರಿ. ಸಣ್ಣಗೆ ಚುರ್ ಅನ್ನುತ್ತ ಕುಳಿ ಬೀಳುತ್ತದೆ, ನೋಡನೋಡುತ್ತ ಅಂಗೈಯಷ್ಟಿದ್ದದ್ದು ಲೋಳೆಯಾಗಿ ಕಲ್ಲಿಗೆ ಅಂಟುತ್ತದೆ. ನಿಮ್ಮ ಗೋಡೆಯೊಳಗಿರುವುದೂ ಅದೇ ಮಾಲು. ನೆಲದ ಮೇಲೆ ಸುರಿದ ಥಿನ್ನರ್ ಪ್ಲೈವುಡ್ಡಿನ ಸಂದಿಯಿಂದ ಇಳಿದು ಗೋಡೆಯ ಬುಡ ಸೇರಿದರೆ, ಹೊರಗಿನ ತಗಡು ನೋಡಲು ನೆಟ್ಟಗೇ ಇರುತ್ತದೆ, ಒಳಗೆ ಟೊಳ್ಳು. ಪೆಟ್ರೋಲ್ ಕೂಡ ಇದೇ ಕೆಲಸ ಮಾಡುತ್ತದೆ, ಮೇಲಿಂದ ಬೆಂಕಿಯ ಭಯ ಬೇರೆ. ಮುಚ್ಚಿದ ಡಬ್ಬಿಯಂಥ ಗಾಡಿ, ಒಳಗೆ ಗ್ಯಾಸ್ ಒಲೆ, ಅದರೊಳಗೆ ಕೂತು ಪೆಟ್ರೋಲ್‌ನಿಂದ ನೆಲ ಒರೆಸುವುದು ಬೇಡವೇ ಬೇಡ.

ಇನ್ನು ಗಮ್ಮು. ಗಮ್ಮಿನಲ್ಲಿ ಜಾತಿಗಳಿವೆ, ಯಾವ ಜಾತಿಯದೆಂದು ಗೊತ್ತಾಗದೆ ಯಾವ ಔಷಧವನ್ನೂ ಹಚ್ಚಬಾರದು. ಉಗುರಿನಿಂದ ಒಂದಿಷ್ಟು ಕೆರೆದು ಎರಡು ಬೆರಳ ನಡುವೆ ಹೊರಳಿಸಿರಿ. ನಿಮ್ಮ ನೆಲದ್ದು ಬೆರಳಲ್ಲಿ ರಬ್ಬರಿನ ಉಂಡೆಯಂತೆ ಸುರುಳಿ ಸುತ್ತಿಕೊಂಡರೆ ಅದು ಚಪ್ಪಲಿ ಹೊಲಿಯುವವರೂ ಸನ್‌ಮೈಕಾ ಹಚ್ಚುವವರೂ ಬಳಸುವ ಹಳದಿ ಕಾಂಟ್ಯಾಕ್ಟ್ ಅಂಟು. ನೆಲದ ಹಾಸಿನಡಿ ನಮ್ಮ ಕಡೆ ಹೆಚ್ಚಾಗಿ ಇದೇ ಇರುತ್ತದೆ. ಬೆರಳಿಗೆ ಅಂಟಿ ಕರಿಯ, ಇಲ್ಲವೆ ಬೂದು ಬಣ್ಣದ ದಾರ ಎಳೆದರೆ ಅದು ಬ್ಯೂಟೈಲ್, ಕಿಟಕಿಯ ಚೌಕಟ್ಟಿನಡಿ ಇಡುವ ಟೇಪು. ಗಟ್ಟಿ ರಬ್ಬರ್‌ನಂತಿದ್ದು ಬ್ಲೇಡಿಗೆ ಮಾತ್ರ ಬಗ್ಗುವುದು ಪಿಯು, ಅಂದರೆ ಬಸ್ಸಿನ ಮುಂಗಾಜು ಕೂರಿಸುವ ಮಾಲು. ನಯವಾಗಿ, ಜಾರುವಂತಿದ್ದು, ಬಾಲ್‌ಪೆನ್ನಿನಿಂದ ಗೆರೆ ಎಳೆದರೂ ಶಾಯಿ ಹಿಡಿಯದಿದ್ದರೆ ಸಿಲಿಕೋನ್. ಒಂದೇ ಗಾಡಿಯಲ್ಲಿ ನಾಲ್ಕೂ ಸಿಗಬಹುದು. ಹಿಂದಿನ ಮಾಲೀಕರು ಕೈಗೆ ಸಿಕ್ಕ ಟ್ಯೂಬ್ ಒತ್ತಿರುತ್ತಾರೆ.

ನೆಲದ ಕಾಂಟ್ಯಾಕ್ಟ್ ಅಂಟಿಗೆ ಮೊದಲ ಔಷಧ ಬಿಸಿ. ಹೀಟ್ ಗನ್ ಇದ್ದರೆ ಕೈಯಲ್ಲಿ ಹಿಡಿತವಿರಲಿ: ಅದರ ಬಾಯಲ್ಲಿ ಗಾಳಿ 500 ಡಿಗ್ರಿಗೂ ಹೋಗುತ್ತದೆ, ಥರ್ಮಾಕೋಲ್ 80 ಡಿಗ್ರಿಯ ಆಸುಪಾಸಿಗೇ ಕುಗ್ಗಲು ಸುರುಮಾಡುತ್ತದೆ. ತಲೆಗೂದಲು ಒಣಗಿಸುವ ಡ್ರೈಯರ್ ಈ ಕೆಲಸಕ್ಕೆ ಸಾಕು. ಅಂಗೈ ಇಟ್ಟರೆ ತಡೆಯುವಷ್ಟು ಬಿಸಿ ಮಾಡಿ, ಒಂದು ಗೇಣು ಜಾಗವನ್ನಷ್ಟೇ ಒಂದು ಸಲಕ್ಕೆ ಹಿಡಿದು, ಕೆರೆಯುವ ಪಟ್ಟಿಯನ್ನು ಮಲಗಿಸಿ ತಳ್ಳಿರಿ. ನಿಂತ ಪಟ್ಟಿ ಪ್ಲೈವುಡ್ಡಿನ ಮೇಲ್ಪದರ ಕಿತ್ತುಕೊಂಡು ಬರುತ್ತದೆ, ಆ ಪದರ ಕಾಗದಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ನೆಲಕ್ಕೆ ಪೇಂಟಿನವರು ಪುಟ್ಟಿ ಎಳೆಯುವ ಲಪ್ಪಾ ಪಟ್ಟಿ ಆದೀತು. ತಗಡಿನ ಮೇಲೆ ಮಾತ್ರ ಕಬ್ಬಿಣ ತಾಗಿಸಬೇಡಿರಿ. ನಮ್ಮ ಶೆಡ್ಡಿನಲ್ಲಿ ಒಡೆದ ಅಕ್ರಿಲಿಕ್ ಹಾಳೆಯ ತುಂಡಿಗೆ ಅರ ಹಚ್ಚಿ ಅಂಚು ಮಾಡಿಕೊಳ್ಳುತ್ತಿದ್ದೆವು. ಮೊಂಡಾದರೆ ಮತ್ತೆ ಎರಡು ಸಲ ಅರ ಎಳೆದರಾಯಿತು, ತಗಡಿಗೆ ಗೀರು ಬೀಳುವುದಿಲ್ಲ.

ಬೇಸಿಗೆಯಾಗಿದ್ದರೆ ನಿಮಗೆ ಡ್ರೈಯರ್ ಕೂಡ ಬೇಕಿರಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಬಸ್ಸಿನ ತಗಡು ತಾನೇ ಅಂಟನ್ನು ಮೆತ್ತಗೆ ಮಾಡಿಕೊಡುತ್ತಿತ್ತು. ಮಧ್ಯಾಹ್ನ ಗಮ್ಮು ತೆಗೆಯುವುದು, ಮೇಲೆ ಹತ್ತುವ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಸುವುದು ನಮ್ಮ ಪದ್ಧತಿ. ಬೀದರ್ ನಮಗಿಂತ ತಂಪು, ನೀವು ಡ್ರೈಯರನ್ನೇ ನಂಬಿರಿ.

ಬಹಳ ಜನ ಇಲ್ಲಿ ಅತಿ ಮಾಡುತ್ತಾರೆ. ನೆಲದ ಗಮ್ಮನ್ನು ಪೂರ್ತಿ ತೆಗೆದು ಮರವನ್ನು ಹೊಸದರಂತೆ ಮಾಡಬೇಕೆಂದು ಹಠ ಹಿಡಿಯುತ್ತಾರೆ. ಮೇಲೆ ಮತ್ತೆ ಹಾಸು ಬರುವುದಿದ್ದರೆ ಅದು ಬೇಕಿಲ್ಲ. ಉಬ್ಬು ಇರಬಾರದು, ಎದ್ದು ಬರುವ ಪದರ ಇರಬಾರದು, ಜಿಗುಟು ಇರಬಾರದು. ಕಂದು ಕಲೆ ಉಳಿದರೆ ಉಳಿಯಲಿ, ಅದನ್ನು ನೋಡುವವರು ಯಾರು? ಉಳಿದ ಜಿಗುಟಿಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಬಟ್ಟೆಗೆ ಹಚ್ಚಿಕೊಂಡು ಒರೆಸಿರಿ. ಸುರಿಯಬೇಡಿರಿ, ಬಟ್ಟೆಗೆ ಹಚ್ಚಿರಿ ಅನ್ನುತ್ತಿದ್ದೇನೆ. ಗೋಡೆಯ ಬುಡದ ಸಂದಿಯಿಂದ ನಾಲ್ಕು ಬೆರಳು ದೂರ ಇರಲಿ, ಅಲ್ಲಿ ಒಣ ಪಟ್ಟಿಯಷ್ಟೇ. ಹಿಂದೆ ಇದಕ್ಕೆಲ್ಲ ಚಿಮಣಿ ಎಣ್ಣೆ ಬಳಸುತ್ತಿದ್ದೆವು, ಈಗ ಅದು ಸುಲಭಕ್ಕೆ ಸಿಗುವುದಿಲ್ಲ, ವಾಸನೆಯೂ ವಾರಗಟ್ಟಲೆ ಹೋಗುವುದಿಲ್ಲ. ಟರ್ಪೆಂಟೈನ್ ಹಚ್ಚಿದ ಮೇಲೆ ಸೋಪಿನ ನೀರಿನ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ ಬಾಗಿಲು, ಕಿಟಕಿ ತೆರೆದು ಒಣಗಲು ಬಿಡಿರಿ. ಎಣ್ಣೆ ಪಸೆ ಉಳಿದರೆ ಹೊಸ ಅಂಟು ಕೂರುವುದಿಲ್ಲ. ಒರೆಸಿದ ಬಟ್ಟೆಗಳನ್ನು ಗಾಡಿಯೊಳಗೆ ಗುಂಪು ಹಾಕದೆ ಹೊರಗೆ ಹರವಿರಿ.

ಸಿಲಿಕೋನ್ ಈ ಪೈಕಿ ಮಹಾ ಹಠಮಾರಿ. ಬಿಸಿಗೆ ಅದು ಜಗ್ಗುವುದಿಲ್ಲ, ಟರ್ಪೆಂಟೈನ್‌ಗೂ ಕರಗುವುದಿಲ್ಲ. ಬ್ಲೇಡಿನಿಂದ ಎರಡೂ ಅಂಚು ಬಿಡಿಸಿ, ಬಾಲ ಹಿಡಿದು ನಿಧಾನಕ್ಕೆ ಎಳೆದರೆ ಉದ್ದಕ್ಕೆ ಕಿತ್ತು ಬರುತ್ತದೆ. ಕಷ್ಟ ಇರುವುದು ಆಮೇಲೆ. ಕಣ್ಣಿಗೆ ಕಾಣದ ತೆಳು ಪೊರೆ ತಗಡಿನ ಮೇಲೆ ಉಳಿಯುತ್ತದೆ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಪಿಯು ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಹಿಂದಿನವರು ಬಳಿದದ್ದರ ಮೇಲೆ ಬಳಿದರೂ ನೀರು ನಿಲ್ಲದಿದ್ದುದು ಇದಕ್ಕೇ. ಪೊರೆ ಹೋಗಿದೆಯೋ ಇಲ್ಲವೋ ನೋಡಲು ಆ ಜಾಗಕ್ಕೆ ನೀರು ಚಿಮುಕಿಸಿರಿ. ನೀರು ಹರಡಿ ಒಂದೇ ಹಾಳೆಯಂತೆ ನಿಂತರೆ ಸ್ವಚ್ಛ. ಹನಿಹನಿಯಾಗಿ ಗುಂಡಗೆ ನಿಂತರೆ ಸಿಲಿಕೋನ್ ಇನ್ನೂ ಇದೆ, ಅಡಿಗೆಮನೆಯ ಹಸಿರು ಸ್ಕ್ರಬರ್‌ನಿಂದ ಮತ್ತೆ ಉಜ್ಜಿರಿ. ತಗಡಿನ ಮೇಲೆ ಕೊನೆಯ ಒರೆಸಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಆದರೆ ನಿಮ್ಮ ಟ್ರೇಲರಿನ ಕಿಟಕಿ ಗಾಜಲ್ಲದೆ ಅಕ್ರಿಲಿಕ್ ಆಗಿದ್ದರೆ, ಬಡಿದರೆ ಟಕ್ ಟಕ್ ಅಂತ ಪ್ಲಾಸ್ಟಿಕ್ ಸದ್ದು ಬರುತ್ತದೆ, ಅದಕ್ಕೆ ಆಲ್ಕೋಹಾಲ್ ತಾಗಿಸಬೇಡಿರಿ. ಒಳಗೊಳಗೇ ಜೇಡನ ಬಲೆಯಂಥ ಸೀಳು ಬಿಟ್ಟುಕೊಳ್ಳುತ್ತದೆ, ಅದಕ್ಕೆ ರಿಪೇರಿಯಿಲ್ಲ.

ಕಿಟಕಿ ಚೌಕಟ್ಟು ಬಿಚ್ಚಿದಾಗ ಅಡಿಯಲ್ಲಿ ಹಳೇ ಬ್ಯೂಟೈಲ್ ಸಿಕ್ಕರೆ ಉಜ್ಜಲು ಹೋಗಬೇಡಿರಿ, ಬಳಿದುಕೊಂಡು ಹೋಗುತ್ತದೆ. ಅದನ್ನೇ ಒಂದಿಷ್ಟು ಕಿತ್ತು ಉಂಡೆ ಕಟ್ಟಿ, ಆ ಉಂಡೆಯನ್ನು ಉಳಿದದ್ದರ ಮೇಲೆ ಒತ್ತಿ ಒತ್ತಿ ಎತ್ತಿರಿ. ಬ್ಯೂಟೈಲ್ ಬ್ಯೂಟೈಲನ್ನೇ ಹಿಡಿದು ಮೇಲೇಳುತ್ತದೆ. ಕೊನೆಗೆ ಉಳಿಯುವ ಮಸಿಗೆ ಟರ್ಪೆಂಟೈನ್ ಬಟ್ಟೆ.

ಈಗ ಬಡಿಗೇರನ ಮಾತಿಗೆ ಬರೋಣ. ದಪ್ಪ ಸ್ಕ್ರೂ ಹೊಡೆದರೆ ಮುಗೀತು ಅಂದನಲ್ಲ, ಅವನ ಲೆಕ್ಕ ಮನೆಯ ಬಾಗಿಲಿಗೆ ಸರಿ. ಬಾಗಿಲು ನಿಂತಲ್ಲೇ ನಿಂತಿರುತ್ತದೆ. ಟ್ರೇಲರ್ ಬೀದರ್‌ನಿಂದ ಚಿಂಚೋಳಿಯವರೆಗೆ ಕುಣಿಯುತ್ತ ಹೋಗುತ್ತದೆ. ಸ್ಕ್ರೂ ಸುಮ್ಮನೆ ತಿರುಗುತ್ತಿದೆ ಅಂದರೆ ಎರಡರಲ್ಲಿ ಒಂದು: ಕುಣಿದು ಕುಣಿದು ತೂತು ಸವೆದಿದೆ, ಇಲ್ಲವೆ ಒಳಗಿನ ಮರ ಕೊಳೆತಿದೆ. ನೀವು ಬರೆದ ಕಪ್ಪು ಬಣ್ಣ ನೋಡಿದರೆ ಎರಡನೆಯದೂ ಇದೆ. ನಿಮ್ಮ ಗಾಡಿಯಲ್ಲಿ ಗಮ್ಮಿನ ಕೆಲಸ, ಸ್ಕ್ರೂ ಕೆಲಸ ಅಂತ ಎರಡು ಕೆಲಸಗಳಿಲ್ಲ. ಸಿಲಿಕೋನ್ ಬಿಟ್ಟುಕೊಂಡಲ್ಲಿ ಇಳಿದ ನೀರೇ ಒಳಗಿನ ಸ್ಕ್ರೂ ಸಡಿಲ ಮಾಡಿದ್ದು.

ಸ್ಕ್ರೂ ಬಿಚ್ಚಿ ಅದರ ಮೈ ನೋಡಿರಿ. ಮೈಮೇಲಿನ ಸುರುಳಿ ಸುತ್ತುಗಳ ಸಂದಿಯಲ್ಲಿ ಒಣ ಮರದ ಹಿಟ್ಟಿದ್ದರೆ ಸವೆತ. ತುಕ್ಕು ಹಿಡಿದು ನಡು ಸಣ್ಣಗಾಗಿ, ಕರಿಯ ಒದ್ದೆ ನಾರು ಅಂಟಿಕೊಂಡು ಬಂದರೆ ಕೊಳೆತ. ಆಮೇಲೆ ದಬ್ಬಳದಿಂದ ತೂತಿನ ಸುತ್ತ ಚುಚ್ಚುತ್ತ ಹೋಗಿರಿ. ಒಳ್ಳೆಯ ಮರ ದಬ್ಬಳವನ್ನು ತಡೆದು ನಿಲ್ಲಿಸುತ್ತದೆ. ಕೊಳೆತದ್ದರಲ್ಲಿ ಸದ್ದಿಲ್ಲದೆ ಇಳಿಯುತ್ತದೆ, ಎತ್ತಿದರೆ ತುದಿ ತೇವ. ಎಲ್ಲಿ ತಡೆಯುತ್ತದೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿರಿ. ನೀವು ಅಂದುಕೊಂಡದ್ದಕ್ಕಿಂತ ಗೆರೆ ದೂರ ಹೋಗುತ್ತದೆ, ಗಾಬರಿಯಾಗಬೇಡಿರಿ.

ಮರ ಗಟ್ಟಿಯಿದ್ದು ತೂತು ಮಾತ್ರ ಸವೆದಲ್ಲಿ ಬಿದಿರಿನ ಕಡ್ಡಿಗೆ ನೀರು ತಡೆಯುವ ಮರದ ಅಂಟು ಹಚ್ಚಿ, ತೂತು ತುಂಬುವಷ್ಟು ಬಡಿದು, ಮೇಲೆ ಎದ್ದದ್ದನ್ನು ಬ್ಲೇಡಿನಿಂದ ಸಮ ಮಾಡಿರಿ. ಮಾರನೆಯ ದಿನ ಸಣ್ಣ ಡ್ರಿಲ್ ಬಿಟ್ಟಿನಿಂದ ನಡುವೆ ದಾರಿ ಮಾಡಿ ಅದೇ ಅಳತೆಯ ಹೊಸ ಸ್ಕ್ರೂ ಹಾಕಿರಿ. ಸ್ಕ್ರೂ ಬಿಗಿಯುವುದನ್ನು ಪೂರ್ತಿ ಡ್ರಿಲ್ ಮೆಷಿನ್ನಿಗೆ ಕೊಡಬೇಡಿರಿ, ಕೊನೆಯ ನಾಲ್ಕು ಸುತ್ತು ಕೈಯಿಂದಲೇ. ಹೆಚ್ಚೆಂದರೆ ಒಂದು ನಂಬರ್ ದಪ್ಪಕ್ಕೆ ಹೋಗಬಹುದು, ಉದ್ದ ಮಾತ್ರ ಹೆಚ್ಚಿಸಬೇಡಿರಿ. ಇಂಥ ಗಾಡಿಗಳ ಚೌಕಟ್ಟಿನ ಪಟ್ಟಿ ಎಷ್ಟೋ ಕಡೆ ಒಂದು ಇಂಚೂ ಇರುವುದಿಲ್ಲ, ಉದ್ದನೆಯ ಸ್ಕ್ರೂ ಹೊರಗಿನ ತಗಡಿಗೆ ಮೂತಿ ಹಾಕಿ ಹೊಸ ಸೋರಿಕೆಗೆ ದಾರಿ ಮಾಡಿಕೊಡುತ್ತದೆ.

ಮರ ಕೊಳೆತಲ್ಲಿ ಹೊಸ ಸ್ಕ್ರೂ ದಂಡ. ಪೆನ್ಸಿಲ್ ಗೆರೆಯಿಂದ ಇನ್ನೂ ಎರಡು ಬೆರಳು ಆಚೆಗೆ, ಗಟ್ಟಿ ಮರ ಸಿಗುವವರೆಗೆ ಕೊಯ್ದು, ಓರೆಯಾಗಿ ಜೋಡಿಸಿ ಹೊಸ ತುಂಡು ಕೂರಿಸಬೇಕು. ಇದಕ್ಕೆ ಅದೇ ಬಡಿಗೇರನನ್ನು ಕರೆಯಿರಿ, ಈ ಕೆಲಸದಲ್ಲಿ ಅವನ ಕೈ ನಮ್ಮ ಕೈಗಿಂತ ಮೇಲು. ಎಪಾಕ್ಸಿ ತುಂಬಿ ಗಟ್ಟಿ ಮಾಡುವ ಉಪಾಯ ಹೇಳುವವರೂ ಸಿಗುತ್ತಾರೆ. ಹುಣಸೆ ಬೀಜದಷ್ಟು ಜಾಗಕ್ಕೆ ನಡೆದೀತು, ಮೊಳದುದ್ದ ಕೊಳೆತದ್ದಕ್ಕೆ ಅಲ್ಲ.

ಹಾಕುವ ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಫಾಲ್ಸ್ ಸೀಲಿಂಗ್‌ನವರು ಬಳಸುವ ಕರಿಯ ಡ್ರೈವಾಲ್ ಸ್ಕ್ರೂ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಒಂದು ಮಳೆಗಾಲಕ್ಕೇ ತುಕ್ಕು, ಅದರ ತಲೆಯೂ ಪೆಡಸು, ಕುಣಿತಕ್ಕೆ ಟಪ್ಪನೆ ಮುರಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ 304 ಗ್ರೇಡ್ ನಮ್ಮ ಸೀಮೆಗೆ ಧಾರಾಳವಾಯಿತು. 316 ಸಮುದ್ರದ ದಂಡೆಯವರಿಗೆ, ನಾವೇಕೆ ಅದಕ್ಕೆ ದುಡ್ಡು ಹಾಕಬೇಕು?

ಅಲ್ಯೂಮಿನಿಯಂ ತಗಡಿಗೆ ಸ್ಟೇನ್‌ಲೆಸ್ ಹೊಡೆದರೆ ಎರಡು ಲೋಹ ಕಚ್ಚಾಡುವುದಿಲ್ಲವೇ ಅಂತ ಓದಿದವರು ಕೇಳುತ್ತಾರೆ. ಕಚ್ಚಾಡುತ್ತವೆ, ನಡುವೆ ಉಪ್ಪು ನೀರು ನಿಂತರೆ. ಬೀದರ್‌ನವರಿಗೆ ಇದನ್ನು ನಾನು ಹೇಳಬೇಕಿಲ್ಲ. ಬಿದ್ರಿ ಕೆಲಸದಲ್ಲಿ ಸತುವು-ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರು ಹಚ್ಚಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಟ್ರೇಲರಿನಲ್ಲಿ ನಡೆಯುವುದು ಅದೇ ಅಂತಲ್ಲ, ಆದರೆ ಒಂದೇ ಉಪ್ಪಿಗೆ ಒಂದು ಲೋಹ ಸೋಲುತ್ತದೆ, ಇನ್ನೊಂದು ನಿಲ್ಲುತ್ತದೆ ಅನ್ನುವುದು ಅಲ್ಲಿಯೂ ಇಲ್ಲಿಯೂ ಒಂದೇ. ಇಲ್ಲಿ ಸೋಲುವುದು ಅಲ್ಯೂಮಿನಿಯಂ. ಸ್ಕ್ರೂ ತಲೆ ಸಣ್ಣದು, ತಗಡು ದೊಡ್ಡದು, ಹಾಗಾಗಿ ಹಾನಿ ನಿಧಾನ. ತಲೆಯಡಿ ಬ್ಯೂಟೈಲ್ ಒಂದು ಚೂರು ಇಟ್ಟು ನೀರನ್ನು ಹೊರಗಿಟ್ಟರೆ ಹೆದರಬೇಕಿಲ್ಲ.

ಕಿಟಕಿ ಮರಳಿ ಕೂರಿಸುವಾಗ ಚೌಕಟ್ಟಿನಡಿ ಬ್ಯೂಟೈಲ್ ಟೇಪು ಸುತ್ತ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಟೇಪು ಸುತ್ತಲೂ ತುಸು ಹೊರಗೆ ಇಣುಕಿದರೆ ಸಾಕು. ಗಾಡಿಯನ್ನು ಕೆಲವು ದಿನ ಬಿಸಿಲಿಗೆ ಬಿಟ್ಟು ಮತ್ತೊಮ್ಮೆ ಕೈಯಿಂದ ಬಿಗಿದು, ಆಮೇಲೆ ಇಣುಕಿದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೊಯ್ಯಿರಿ. ಹೊರಗೆ ಸಿಲಿಕೋನ್ ಬಳಿಯುವ ಆಸೆ ಬಂದರೆ ತಡೆದುಕೊಳ್ಳಿರಿ. ನೆಲದ ಹಾಸು ಎಲ್ಲಕ್ಕಿಂತ ಕೊನೆಗೆ, ಒಂದು ದೊಡ್ಡ ಮಳೆ ನೋಡಿ, ಒಳಗೆ ಒಣಗಿದೆ ಅಂತ ಖಾತ್ರಿಯಾದ ಮೇಲೆ. ಚಂದ್ರಂಪಳ್ಳಿಯ ನೀರು ಚಳಿಗಾಲದಲ್ಲೂ ಅಲ್ಲೇ ಇರುತ್ತದೆ, ಅವಸರ ಬೇಡ.

ಪ್ರಶ್ನೆ: ಅಣ್ಣಾ, ನಮ್ಮ ಟ್ರೇಲರಿನ ಹೊರಗಿನ ತಗಡು ಹಿಡಿದಿಡುವ ಪಾಪ್ ರಿವೆಟ್‌ಗಳು ಸಡಿಲಾಗಿ ಗಾಡಿ ಓಡುವಾಗ ಕಟಕಟ ಅನ್ನುತ್ತವೆ. ಡ್ರಿಲ್ ಹಿಡಿದರೆ ರಿವೆಟ್ ಬಿಟ್ಟಿನ ಜೊತೆಗೇ ತಿರುಗುತ್ತದೆ. ಹೇಗೆ ತೆಗೆಯುವುದು, ಯಾವ ಅಳತೆ ಹಾಕುವುದು?
(ಓದುಗ, ಯಾದಗಿರಿ)

ಉತ್ತರ: ತಮ್ಮಾ, ಮೊದಲು ರಿವೆಟ್ಟಿನ ನಡುವಿನ ಕಡ್ಡಿಯನ್ನು ಸಣ್ಣ ಪಂಚಿನಿಂದ ಒಳಗೆ ತಳ್ಳು. ಆ ಕಡ್ಡಿ ಉಕ್ಕಿನದಾಗಿದ್ದರೆ ಡ್ರಿಲ್ ಬಿಟ್ಟು ಅದರ ಮೇಲೆ ಜಾರಿ ತಗಡಿಗೆ ಗೀರು ಹಾಕುತ್ತದೆ. ಕಡ್ಡಿ ಹೋದ ಮೇಲೆ ರಿವೆಟ್ಟಿನ ಅಳತೆಯದೇ ಬಿಟ್ಟು ಹಿಡಿದು ತಲೆಯನ್ನಷ್ಟೇ ಕೊರೆ. ತಲೆ ಬಳೆಯಂತೆ ಬಿಟ್ಟಿಗೆ ಏರಿತೋ, ಅಲ್ಲಿಗೆ ನಿಲ್ಲಿಸಿ, ಉಳಿದ ಮೈಯನ್ನು ಪಂಚಿನಿಂದ ಒಳಗೆ ತಳ್ಳು. ಪೂರ್ತಿ ಕೊರೆಯುತ್ತ ಹೋದರೆ ತೂತು ಅಂಡಾಕಾರ ಆಗುತ್ತದೆ. ಜೊತೆಗೇ ತಿರುಗುವ ರಿವೆಟ್ಟಿನ ತಲೆಯ ಅಂಚಿಗೆ ಚಪ್ಪಟೆ ಸ್ಕ್ರೂ ಡ್ರೈವರ್ ಒತ್ತಿ ಹಿಡಿದು ನಿಧಾನ ಸ್ಪೀಡಿನಲ್ಲಿ ಕೊರೆ. ಅದಕ್ಕೂ ಬಗ್ಗದಿದ್ದರೆ ತೆಳ್ಳನೆಯ ಉಳಿಯಿಂದ ತಲೆ ಹಾರಿಸು, ಅಡಿಗೆ ತಗಡಿನ ಚೂರು ಇಟ್ಟುಕೊಂಡು.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 3.2, 4, 4.8 ಎಂಎಂ. 4.8 ರಿವೆಟ್ಟಿಗೆ ತೂತು 4.9 ಇರಬೇಕು, 5ರವರೆಗೆ ನಡೆಯುತ್ತದೆ, ಅದಕ್ಕಿಂತ ದೊಡ್ಡದಾದರೆ ಮತ್ತೆ ಕಟಕಟ. ಸವೆದ 4ರ ತೂತನ್ನು 4.8ಕ್ಕೆ ಏರಿಸುವುದು ಸರಿಯಾದ ದಾರಿ. 4.8ರ ತೂತೇ ಸವೆದಿದ್ದರೆ ಅಗಲ ತಲೆಯ ರಿವೆಟ್ ಬರುತ್ತದೆ, ಒಳಗಿನಿಂದ ಕೈ ಹೋಗುವಲ್ಲಿ ಹಿಂದೆ ಅಲ್ಯೂಮಿನಿಯಂ ವಾಷರ್ ಕೂಡ ಇಡು. ಉದ್ದವನ್ನು ತಗಡುಗಳ ಒಟ್ಟು ದಪ್ಪ ನೋಡಿ ಆರಿಸಬೇಕು, ಡಬ್ಬಿಯ ಮೇಲೆ ಎಷ್ಟರಿಂದ ಎಷ್ಟು ದಪ್ಪ ಹಿಡಿಯುತ್ತದೆ ಅಂತ ಬರೆದಿರುತ್ತದೆ. ಉದ್ದ ಹೆಚ್ಚಾದರೆ ಹಿಡಿತ ಕಡಿಮೆಯೇ ಆಗುತ್ತದೆ, ಇದನ್ನು ಎಷ್ಟು ಹೇಳಿದರೂ ಹುಡುಗರು ನಂಬುವುದಿಲ್ಲ.

ನೀರು ಬೀಳುವ ಕಡೆಗೆಲ್ಲ ಹಿಂಬದಿ ಮುಚ್ಚಿದ ರಿವೆಟ್ ಕೇಳಿ ತಗೋ. ಸಾದಾ ಪಾಪ್ ರಿವೆಟ್ಟಿನ ನಡು ತೂತು, ಅದರೊಳಗಿಂದಲೇ ನೀರು ಇಳಿಯುತ್ತದೆ. ಹಾಕುವ ಮೊದಲು ಮೈಗೆ ಪಿಯು ಸೀಲೆಂಟ್ ಒಂದು ಹನಿ ಸವರು. ಕೆಲಸ ಮುಗಿದ ಮೇಲೆ ತಗಡಿನ ಮೇಲೆ ಬಿದ್ದ ಕೊರೆದ ಪುಡಿಯನ್ನು ಬ್ರಶ್ಶಿನಿಂದ ಗುಡಿಸು. ಕಬ್ಬಿಣದ ಪುಡಿ ಉಳಿದರೆ ಒಂದೇ ಇಬ್ಬನಿಗೆ ಕೆಂಪು ಚುಕ್ಕೆ ಏಳುತ್ತವೆ.

ಪ್ರಶ್ನೆ: ಕಾರಿಗೆ ಕಟ್ಟುವ ಕೊಂಡಿಯ ಬೋಲ್ಟ್‌ಗಳು ತುಕ್ಕು ಹಿಡಿದಿವೆ. ಗುಜರಿಯಲ್ಲಿ ಲಾರಿಯ ಹಳೇ ಬೋಲ್ಟ್ ಸಿಗುತ್ತವೆ, ಅಣ್ಣ ತಮ್ಮಂದಿರು ಸ್ಟೇನ್‌ಲೆಸ್ ಹಾಕು, ಮತ್ತೆ ತುಕ್ಕೇ ಬರುವುದಿಲ್ಲ ಅನ್ನುತ್ತಾರೆ. ಯಾವುದು ಒಳ್ಳೆಯದು?
(ಓದುಗರು, ಸೇಡಂ)

ಉತ್ತರ: ಎರಡೂ ಅಲ್ಲ. ಒಳಗಿನ ಪಟ್ಟಿಯ ಸ್ಕ್ರೂ ಬಿಟ್ಟರೆ ಪಟ್ಟಿ ಜೋತುಬೀಳುತ್ತದೆ. ಕೊಂಡಿಯ ಬೋಲ್ಟ್ ಬಿಟ್ಟರೆ ಟ್ರೇಲರ್ ರಸ್ತೆಯಲ್ಲಿ ನಿಮ್ಮನ್ನು ಬಿಟ್ಟು ತಾನೇ ಹೋಗುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಅಂತ ಕೆತ್ತಿರುತ್ತದೆ ನೋಡಿರಿ. ಮೊದಲ 8 ಅಂದರೆ ಹರಿದು ತುಂಡಾಗುವ ಬಲ 800 ಮೆಗಾಪಾಸ್ಕಲ್ (ಎಳೆತ ಅಳೆಯುವ ಮಾನ), ಎರಡನೆಯ 8 ಅಂದರೆ ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640ರವರೆಗೆ ಜಗ್ಗಿದರೂ ಬಿಟ್ಟಾಗ ಮೊದಲಿನ ಉದ್ದಕ್ಕೇ ಮರಳುತ್ತದೆ. ಸಾದಾ 4.6 ಬೋಲ್ಟಿಗೆ ಈ ಎರಡನೆಯ ಮಿತಿ 240 ಮಾತ್ರ. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಎ2-70 ಅಂತ ಇರುತ್ತದೆ, ಅದಕ್ಕೆ 450. ಹೊಳೆಯುತ್ತದೆ ನಿಜ, 8.8ರ ಜಾಗಕ್ಕೆ ಬರುವುದಿಲ್ಲ. ಗುಜರಿ ಬೋಲ್ಟ್ ಎಷ್ಟು ಸಲ ಜಗ್ಗಿಸಿಕೊಂಡಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ತಲೆ ಮೇಲೆ ಗುರುತೇ ಇಲ್ಲದ ಬೋಲ್ಟ್ ಪುಕ್ಕಟೆ ಕೊಟ್ಟರೂ ಬೇಡ.

ಗಾಡಿ ಕಂಪನಿ ಬೇರೆ ಹೇಳಿರದಿದ್ದರೆ ಹಳೆಯದೇ ಅಳತೆಯ, ಹಳೆಯದೇ ಗ್ರೇಡಿನ, ಜಿಂಕ್ ಲೇಪದ ಹೊಸ ಬೋಲ್ಟ್ ತನ್ನಿರಿ. ನೈಲಾಕ್ ನಟ್ಟು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬೇಡಿರಿ, ಒಳಗಿನ ನೈಲಾನ್ ಬಳೆ ಹಿಡಿತ ಕಳೆದುಕೊಂಡಿರುತ್ತದೆ. ತುಕ್ಕಿನಿಂದ ಸಿಕ್ಕಿಬಿದ್ದದ್ದಕ್ಕೆ ರಾತ್ರಿ ತುಕ್ಕಿನೆಣ್ಣೆ ಬಿಟ್ಟು, ಬೆಳಿಗ್ಗೆ ಪಾನಾ ಹಾಕಿ ಮೊದಲು ಒಂದು ಎಳೆ ಬಿಗಿಯ ಕಡೆಗೇ ತಿರುಗಿಸಿ, ಟಕ್ ಅಂದ ಮೇಲೆ ಬಿಚ್ಚಿರಿ. ಗಾಲಿ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆಕ್ಸಲ್ಲಿನ ಯು-ಬೋಲ್ಟ್ ಕೆಲಸವನ್ನು ಬಿಗಿತ ಅಳೆಯುವ ಟಾರ್ಕ್ ಪಾನಾ ಇರುವ ವರ್ಕ್‌ಶಾಪಿಗೆ ಕೊಡಿರಿ, ಮನೆಯಂಗಳದ ಕೆಲಸವಲ್ಲ ಅದು.

ಪ್ರಶ್ನೆ: ಪರದೆಗೆ ಅಂಟಿಸಿದ್ದ ವೆಲ್ಕ್ರೋ ಕಿತ್ತ ಮೇಲೆ ಕಿಟಕಿಯ ಪ್ಲಾಸ್ಟಿಕ್ ಮೇಲೆ ಅಂಟಿನ ಪಟ್ಟಿ ಉಳಿದಿದೆ, ಧೂಳು ಕೂತು ಕರ್ರಗಾಗಿದೆ. ಮನೆಯಲ್ಲಿ ಕುಸುಬಿ ಎಣ್ಣೆ ಹಚ್ಚು ಅನ್ನುತ್ತಾರೆ.
(ಓದುಗರು, ಹುಮನಾಬಾದ್)

ಉತ್ತರ: ಎಣ್ಣೆ ಸರಿ, ಕುಸುಬಿ ಬೇಡ. ಕುಸುಬಿ ಎಣ್ಣೆ ಗಾಳಿಗೆ ಒಣಗುವ ಜಾತಿಯದು, ಬಣ್ಣ ತಯಾರಿಕೆಗೂ ಬಳಸುತ್ತಾರೆ. ತೆಳ್ಳಗೆ ಉಳಿದದ್ದು ದಿನ ಕಳೆದಂತೆ ತಾನೇ ಜಿಗುಟಾಗುತ್ತದೆ, ನಿಮ್ಮನೆಯ ಎಣ್ಣೆ ಡಬ್ಬಿಯ ಬಾಯಿ ನೋಡಿದರೆ ಗೊತ್ತಾದೀತು. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ತಾಸು ಬಿಟ್ಟು, ಹೆಬ್ಬೆರಳಿನಿಂದ ಉರುಳಿಸುತ್ತ ಹೋಗಿರಿ, ಎಳೆ ಎಳೆಯಾಗಿ ಏಳುತ್ತದೆ. ಉಜ್ಜುವ ಮೊದಲು ಧೂಳನ್ನು ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಅದೇ ಮರಳು ಕಾಗದದ ಕೆಲಸ ಮಾಡುತ್ತದೆ. ಕೊನೆಗೆ ಪಾತ್ರೆ ಸೋಪಿನ ನೀರು, ಮೆತ್ತನೆಯ ಬಟ್ಟೆ. ಸ್ಪಿರಿಟ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರ ತರಬೇಡಿರಿ.

ಪ್ರಶ್ನೆ: ಬ್ಯೂಟೈಲ್ ಟೇಪು ಅಂದರೆ ಕಲಬುರಗಿಯ ಹಾರ್ಡ್‌ವೇರ್ ಅಂಗಡಿಯವರು ಇನ್ಸುಲೇಷನ್ ಟೇಪು ಕೊಟ್ಟು ಕಳಿಸುತ್ತಾರೆ. ಎಲ್ಲಿ ಕೇಳಲಿ?
(ಓದುಗ, ಚಿತ್ತಾಪುರ)

ಉತ್ತರ: ತಗಡಿನ ಛಾವಣಿ ಹಾಕುವ ಶೀಟ್ ಅಂಗಡಿಯಲ್ಲಿ ಕೇಳು, ಇಲ್ಲವೆ ಕಾರಿನ ಮುಂಗಾಜು ಕೂರಿಸುವವರ ಹತ್ತಿರ. ಎರಡೂ ಬದಿ ಅಂಟುವ, ಬೂದು ಇಲ್ಲವೆ ಕರಿ ಬಣ್ಣದ, ಕಾಗದದ ಸುರುಳಿಯಲ್ಲಿ ಬರುವುದು ಬೇಕು ಅನ್ನು. ಒಂದು ಬದಿ ಬೆಳ್ಳಿ ಹಾಳೆ ಇರುವುದು ಛಾವಣಿಯ ಸೀಳಿಗೆ ಮೇಲಿಂದ ಅಂಟಿಸುವಂಥದ್ದು, ಕಿಟಕಿಯಡಿಗೆ ಬರುವುದಿಲ್ಲ. ತರುವ ಮೊದಲು ಒಂದು ತುದಿ ಕಿತ್ತು ಎಳೆದು ನೋಡು. ದಾರ ಬಿಟ್ಟರೆ ತಗೋ, ಮುರಿದರೆ ಅಂಗಡಿಯಲ್ಲಿ ಕೂತು ಹಳೆಯದಾಗಿದೆ, ಅಲ್ಲೇ ಬಿಟ್ಟು ಬಾ.